ಫ್ಯಾನಿನ ರೆಕ್ಕೆಯೂ ಗೃಹಸ್ಥನ ಎಚ್ಚರವೂ

ಗಾಳಿಯಲ್ಲಿಯೂ ಜೀವವನ್ನು ಕಂಡ ಪರಂಪರೆ ನಮ್ಮದು. ವಾಯುಕಾಯಿಕ ಜೀವಗಳಿಗೆ ಪೀಡೆಯಾಗದಿರಲೆಂದು ಮಹಾವ್ರತಿಗಳಾದ ಮುನಿಗಳು ಬೀಸಣಿಗೆಯ ಗಾಳಿಯನ್ನು ಸಹ ಬಯಸುವುದಿಲ್ಲ. ಅಣುವ್ರತಿಯಾದ ಗೃಹಸ್ಥನ ಮನೆಯಲ್ಲಾದರೋ ಫ್ಯಾನು ತಿರುಗುತ್ತಲೇ ಇರುತ್ತದೆ. ಇದು ಗೃಹಕೃತ್ಯದಲ್ಲಿ ಒದಗುವ ಆರಂಭೀ ಹಿಂಸೆ, ಅನಿವಾರ್ಯ ಎಂದು ನಾವು ಸಮಾಧಾನ ತಾಳುತ್ತೇವೆ. ಆದರೆ ಈ ಅನಿವಾರ್ಯವೆಂಬ ಮಾತು ಎಲ್ಲಿಯವರೆಗೆ ಸಲ್ಲುತ್ತದೆ?

ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಿಲ್ಲ. ಅದಕ್ಕೆ ಪ್ರಮಾದವನ್ನು ಕಾರಣವಾಗಿ ಸೇರಿಸಿದೆ. ಫ್ಯಾನು ತಿರುಗುವುದು ಅನಿವಾರ್ಯವಾಗಬಹುದು. ಅಲುಗಾಡುವ ಫ್ಯಾನಿನ ಕೆಳಗೆ ಮಕ್ಕಳನ್ನು ಮಲಗಿಸುವುದು ಅನಿವಾರ್ಯವಲ್ಲ, ಅದು ಪ್ರಮಾದ.

ಒಂದು ರೆಕ್ಕೆ ಬಾಗಿದೆಯೆಂದು ಭಾವಿಸೋಣ. ಅಂಗಡಿಯವನು ಮೂರನ್ನೂ ಬದಲಿಸಿರೆನ್ನುತ್ತಾನೆ. ಸರಿಯಾಗಿರುವ ಎರಡನ್ನು ಬಿಸುಡುವುದು ಅಪರಿಗ್ರಹಕ್ಕೆ ವಿರುದ್ಧವಲ್ಲವೇ ಎಂಬ ಸಂದೇಹ ಸಹಜ. ಆದರೆ ಈ ರೆಕ್ಕೆಗಳನ್ನು ತೂಕ ಮತ್ತು ಓರೆಗಳಲ್ಲಿ ಪರಸ್ಪರ ಹೊಂದಿಸಿ ಒಂದು ಜೊತೆಯಾಗಿ ಮಾರುತ್ತಾರೆ. ಎರಡು ಹಳತಿನೊಡನೆ ಒಂದು ಹೊಸತು ಸೇರಿದರೆ ಸಮತೋಲ ತಪ್ಪಿ ಕಂಪನವುಂಟಾಗುತ್ತದೆ. ಬೇರಿಂಗು ಸವೆಯುತ್ತದೆ, ತಿರುಪುಗಳು ಸಡಿಲವಾಗುತ್ತವೆ. ಹೆಚ್ಚು ಗಾಳಿಯ ಆಸೆಯಿಂದ ಅಳತೆ ಮೀರಿದ ಉದ್ದದ ರೆಕ್ಕೆಯನ್ನು ಹಾಕಿದರೆ ಮೋಟಾರು ಭಾರ ತಾಳದೆ ಕಾಯುತ್ತದೆ. ಆದ್ದರಿಂದ ಅದೇ ಮಾದರಿಯ, ಅದೇ ಅಳತೆಯ ಪೂರ್ಣ ಜೊತೆಯನ್ನು ಕೊಳ್ಳುವುದೇ ವಿವೇಕ. ಹಳೆಯ ಅಲ್ಯೂಮಿನಿಯಂ ರೆಕ್ಕೆಗಳನ್ನು ಗುಜರಿಗೆ ಕೊಟ್ಟರೆ ಅವು ಕರಗಿ ಮತ್ತೊಂದು ವಸ್ತುವಾಗುತ್ತವೆ. ಕೆಟ್ಟದ್ದನ್ನು ಬಿಡಲಾರದಿರುವುದು ಅಪರಿಗ್ರಹವಲ್ಲ, ಅದೂ ಮೋಹವೇ.

ಇನ್ನೊಂದು ಅತಿಯೂ ಉಂಟು. ರೆಕ್ಕೆ ಕೆಟ್ಟಿತೆಂದು ಇಡೀ ಫ್ಯಾನನ್ನೇ ಎಸೆಯುವವರಿದ್ದಾರೆ. ಹಳೆಯ ಬಗೆಯ ಫ್ಯಾನು ಸುಮಾರು 75 ವ್ಯಾಟ್ ವಿದ್ಯುತ್ತನ್ನು ಬಳಸಿದರೆ, ಇಂದಿನ ಬಿಎಲ್‌ಡಿಸಿ ಮೋಟಾರಿನದು ಸುಮಾರು 30 ವ್ಯಾಟ್. ದಿನವಿಡೀ ತಿರುಗುವ ಕೋಣೆಗೆ ಹೊಸ ಫ್ಯಾನು ಉಚಿತವೇ. ಪರ್ವದಿನಗಳಲ್ಲಿ ಮಾತ್ರ ತೆರೆಯುವ ಸಭಾಭವನಕ್ಕೆ ರೆಕ್ಕೆಗಳ ಬದಲಾವಣೆಯೇ ಸಾಕು. ಬಳಕೆಯನ್ನು ನೋಡಿ ನಿರ್ಧರಿಸುವುದೇ ಪರಿಮಾಣವ್ರತದ ದಾರಿ.

ಮುಖ್ಯವಾದ ಮಾತೊಂದು ಉಳಿದಿದೆ. 1200 ಮಿಲಿಮೀಟರ್ ಅಳತೆಯ ಫ್ಯಾನು ನಿಮಿಷಕ್ಕೆ 350 ಸುತ್ತು ತಿರುಗುವಾಗ ಅದರ ರೆಕ್ಕೆಯ ತುದಿ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ತೆರೆದ ಕಿಟಕಿಯಿಂದ ಒಳಬಂದ ಗುಬ್ಬಚ್ಚಿ ಅದನ್ನು ತಪ್ಪಿಸಿಕೊಳ್ಳಲಾರದು. ಕಣ್ಣಿಗೆ ಕಾಣದ ವಾಯುಕಾಯಿಕ ಜೀವಕ್ಕಾಗಿ ಚಿಂತಿಸುವ ನಾವು, ಕಣ್ಣೆದುರು ಸಾಯುವ ಪಂಚೇಂದ್ರಿಯ ಪಕ್ಷಿಯನ್ನು ಮರೆಯಬಾರದು. ಮೊಗಸಾಲೆ, ಭೋಜನಶಾಲೆಗಳಂಥ ತೆರೆದ ಎಡೆಗಳಲ್ಲಿ ಕಿಟಕಿಗೆ ಜಾಲರಿ ಹಾಕಿಸುವುದು, ಸಾಧ್ಯವಿದ್ದಲ್ಲಿ ಜಾಲರಿಯುಳ್ಳ ಗೋಡೆಯ ಫ್ಯಾನನ್ನು ಆರಿಸುವುದು, ಜನರಿಲ್ಲದಾಗ ನಿಲ್ಲಿಸುವುದು, ಇವು ಬಸದಿಯ ಆಡಳಿತಗಾರರು ಮಾಡಬಹುದಾದ ಜೀವದಯೆಯ ಕಾರ್ಯಗಳು. ರೆಕ್ಕೆಗಳು ನೆಲದಿಂದ ಎಂಟು ಅಡಿಯಷ್ಟಾದರೂ ಎತ್ತರದಲ್ಲಿರಲಿ. ಬಿಚ್ಚುವ ಮೊದಲು ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ಮೇಲಿನ ಬಟ್ಟಲಲ್ಲಿ ಹಲ್ಲಿಯೋ ಜೇಡವೋ ಇದೆಯೇ ಎಂದು ನೋಡಿ, ಮೃದುವಾದ ಬಟ್ಟೆಯಿಂದ ಧೂಳನ್ನು ಒರೆಸಬೇಕು.

ಇವೆಲ್ಲ ಸಣ್ಣ ಕೆಲಸಗಳೇ. ಆದರೆ ಗೃಹಸ್ಥನಿಗೆ ಸಮಿತಿಯ ಅಭ್ಯಾಸ ದೊರೆಯುವುದು ಇಂಥ ಸಣ್ಣ ಕೆಲಸಗಳಲ್ಲಿಯೇ. ನಮ್ಮ ಸುಖಕ್ಕೆಂದು ಚಲಿಸುವ ವಸ್ತುವಿನ ಮೇಲೆ ನಮ್ಮ ದೃಷ್ಟಿಯಿರುವುದು ನಮ್ಮ ಋಣ. ಅನಿವಾರ್ಯವಾದ ಹಿಂಸೆ ಅಲ್ಪವಾಗಲಿ. ಎಚ್ಚರದಿಂದ ತಪ್ಪಿಸಬಹುದಾದದ್ದು ಇಲ್ಲದಂತಾಗಲಿ.