ಮಬ್ಬು ಬೆಳಕಿನ ಋಣ

ಸುಂದರವಾದುದನ್ನು ಕಂಡವನಿಗೆ ಅದನ್ನು ತನ್ನದಾಗಿಸಿಕೊಳ್ಳಬೇಕೆಂಬ ಆಸೆ ಹುಟ್ಟುವುದು ಸಹಜ. ಆ ಆಸೆಯು ಎಲ್ಲಿಯವರೆಗೆ ಧರ್ಮಸಮ್ಮತ, ಎಲ್ಲಿಂದ ಮುಂದೆ ಅತಿಕ್ರಮ ಎಂಬುದು ಹಳೆಯ ಪ್ರಶ್ನೆ. ಕಾಡುಹಕ್ಕಿಗಳ ಛಾಯಾಚಿತ್ರವನ್ನು ತೆಗೆಯುವವರ ಮುಂದೆ ಅದು ಹೊಸ ವೇಷದಲ್ಲಿ ಬಂದು ನಿಂತಿದೆ.

ಕೋಲಾರದ ಶತಶೃಂಗ, ಮುಳಬಾಗಿಲು ಕಡೆಯ ಆವನಿ ಮೊದಲಾದವು ಹೆಬ್ಬಂಡೆಗಳ ಬೆಟ್ಟಗಳು. ಇಂಥ ಕಲ್ಲುನೆಲವೇ ಕೊಂಬಿನ ಗೂಬೆಗೆ ಪ್ರಿಯವಾದುದು. ಅದು ಹಗಲೆಲ್ಲ ಬಂಡೆಯ ಸಂದಿನಲ್ಲಿದ್ದು ಮುಚ್ಚಂಜೆಯಲ್ಲಿ ಹೊರಬೀಳುತ್ತದೆ. ಗೂಡು ಕಟ್ಟದೆ ಬರಿಯ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಶ್ರೀನಿವಾಸಪುರದ ಮಾವಿನ ತೋಪುಗಳಂಥ ಹಳೆಯ ಮರಗಳ ಪೊಟರೆಗಳು ಹಾಲಕ್ಕಿಗೆ ಒಪ್ಪುವ ಮನೆ. ಅದರ ನುಡಿಯನ್ನೇ ಬುಡಬುಡಿಕೆಯವನು ಮನೆಮನೆಗೆ ಹೊತ್ತು ತರುವುದು. ಒಂದನ್ನು ಅಪಶಕುನವೆಂದು ಅಂಜಿ, ಇನ್ನೊಂದನ್ನು ಶಕುನವೆಂದು ಮನ್ನಿಸಿ, ಜನರು ಎರಡನ್ನೂ ಅವುಗಳ ಪಾಡಿಗೆ ಬಿಟ್ಟಿದ್ದರು. ಈಗ ಅಂಜಿಕೆ ಕರಗಿದೆ, ಮೆಚ್ಚುಗೆ ಬಂದಿದೆ. ಮೆಚ್ಚುಗೆಯ ಕೈಯಲ್ಲಿ ಉದ್ದನೆಯ ಮಸೂರವಿದೆ.

ಈ ಕಲೆಯ ಕಷ್ಟವನ್ನು ಮೊದಲು ತಿಳಿಯಬೇಕು. 600 ಮಿಲಿಮೀಟರಿನ ಮಸೂರವು ದೂರದ ಹಕ್ಕಿಯನ್ನು ಹತ್ತಿರ ಮಾಡುವಂತೆಯೇ ಕೈಯ ನಡುಕವನ್ನೂ ಹಿಗ್ಗಿಸುತ್ತದೆ. ಅದನ್ನು ಕೈಯಲ್ಲಿ ಹಿಡಿದು ತೆಗೆಯುವುದಾದರೆ ಸೆಕೆಂಡಿನ 600ರಲ್ಲೊಂದು ಪಾಲಿಗಿಂತ ಹೆಚ್ಚು ಹೊತ್ತು ಬೆಳಕನ್ನು ಬಿಡಬಾರದೆಂಬುದು ವಾಡಿಕೆಯ ಲೆಕ್ಕ. ಹೊತ್ತು ಮುಳುಗಿದ ಮೇಲೆ ಅಷ್ಟರಲ್ಲಿ ಸಾಕಷ್ಟು ಬೆಳಕು ಒಳಹೊಗದು. ಈ ಕೊರತೆಯನ್ನು ತುಂಬುವುದಕ್ಕೆ ಎರಡು ಮಾರ್ಗಗಳುಂಟು. ಮುಕ್ಕಾಲಿಯ ಮೇಲೆ ಯಂತ್ರವನ್ನಿರಿಸಿ, ಹಕ್ಕಿ ಅಲುಗದಿರುವ ಗಳಿಗೆಗಾಗಿ ಕಾಯುವುದು; ಐ.ಎಸ್.ಓ. ಎಂಬ ಗ್ರಹಣಾಂಕವನ್ನು 6400ಕ್ಕೆ ಏರಿಸಿ, ಚಿತ್ರವು ಮರಳುಮರಳಾದರೂ ಸಹಿಸುವುದು. ಅದೂ ಸಾಲದಿದ್ದರೆ ಬರಿಗೈಯಲ್ಲಿ ಹಿಂದಿರುಗುವುದು. ಇದೊಂದು ಮಾರ್ಗ. ಹತ್ತಿರಕ್ಕೆ ನುಗ್ಗುವುದು, ಕತ್ತಲೆಗಾಗಿ ಅರಳಿದ ಕಣ್ಣಿಗೆ ಫ್ಲಾಷಿನ ಮಿಂಚನ್ನು ಹೊಡೆಯುವುದು, ಮುದ್ರಿಸಿದ ಕೂಗನ್ನು ಕೇಳಿಸಿ ಹೊರಗೆಳೆಯುವುದು, ಇಲಿಯನ್ನು ಕಟ್ಟಿ ಆಮಿಷವೊಡ್ಡುವುದು. ಇದು ಇನ್ನೊಂದು. ಮೊದಲನೆಯದರಲ್ಲಿ ಕೊರತೆಯ ಬೆಲೆಯನ್ನು ತೆರುವವನು ಮನುಷ್ಯ; ಎರಡನೆಯದರಲ್ಲಿ ತೆರುವುದು ಹಕ್ಕಿ. ಪ್ರಶ್ನೆಯ ತಿರುಳೆಲ್ಲ ಇಷ್ಟೇ.

ಕೋವಿ ಹೋಗಿ ಕ್ಯಾಮರ ಬಂದಿತಲ್ಲ, ಇನ್ನು ಹಿಂಸೆಯೆಲ್ಲಿ ಎನ್ನುವವರುಂಟು. 1939-40ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡಸಿದಾಗ ಮಾದರಿಗಳನ್ನು ಕೊಂದು ಸಂಗ್ರಹಿಸುವುದೇ ಶಾಸ್ತ್ರದ ಪದ್ಧತಿಯಾಗಿತ್ತು. ಅದಕ್ಕೆ ಹೋಲಿಸಿದರೆ ಕ್ಯಾಮರ ಸೌಮ್ಯವಾದುದೇ ಸರಿ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಮಾತಿನ ಅರ್ಥದೊಳಗೆ ಕೊಲೆಯನ್ನು ಮಾತ್ರವಲ್ಲದೆ, ಆಮಿಷವೊಡ್ಡುವುದನ್ನೂ, ಹಕ್ಕಿಯ ಗೂಡಿಗೂ ಮೊಟ್ಟೆಗೂ ಕ್ಷೋಭೆಯುಂಟುಮಾಡುವುದನ್ನೂ ಸೇರಿಸಿದೆ. ಇದು ನ್ಯಾಯವೇ. ತಾಯಿಹಕ್ಕಿ ಬೆದರಿ ಹಾರಿದರೆ ಬಂಡೆಯ ಮೇಲಣ ಮೊಟ್ಟೆ ಬಿಸಿಲಿಗೋ ಕಾಗೆಗೋ ಈಡಾದೀತು. ಅಷ್ಟು ಹೊತ್ತಿಗೆ ಚಿತ್ರ ತೆಗೆದವನು ತನ್ನ ಮನೆಯನ್ನು ಸೇರಿರುತ್ತಾನೆ; ಆದ ಹಾನಿ ಅವನ ಚಿತ್ರದಲ್ಲಿ ಕಾಣುವುದಿಲ್ಲ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಪ್ರಬಲವಾದುದು. ಮಾಲೂರು ಸೀಮೆಯ ಟೇಕಲ್ಲಿನ ಸುತ್ತ ಬಂಡೆಗಳು ಕಲ್ಲುಗಣಿಗೆ ತುತ್ತಾಗಿವೆ. ಬೆಟ್ಟದಲ್ಲಿ ಗೂಬೆಯಿದೆಯೆಂದು ತೋರಿಸುವ ಚಿತ್ರವೊಂದಿದ್ದರೆ ಬೆಟ್ಟವೇ ಉಳಿದೀತು. ಒಂದು ಹಕ್ಕಿಯ ಒಂದು ಸಂಜೆಯ ನೆಮ್ಮದಿ ಅದಕ್ಕಿಂತ ದೊಡ್ಡದೆ? ಈ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೆ ಸಾಕ್ಷ್ಯಕ್ಕೆ ದೂರದ ಮಸುಕು ಚಿತ್ರವೂ ಸಾಕು. ರೆಪ್ಪೆಯ ತುಪ್ಪುಳು ಎಣಿಸುವಷ್ಟು ಸ್ಫುಟತೆಯನ್ನು ಕೇಳುವುದು ಬೆಟ್ಟವಲ್ಲ, ನಮ್ಮ ಅಭಿಮಾನ. ಸಂರಕ್ಷಣೆಯ ಹೆಸರಿನಲ್ಲಿ ತೆಗೆದ ಚಿತ್ರದೊಡನೆ ಸ್ಥಳದ ಗುರುತನ್ನೂ ಸಾರಿದರೆ ಮರುದಿನ ಹತ್ತು ಮಸೂರಗಳು ಅಲ್ಲಿ ನೆರೆಯುತ್ತವೆ. ಹಿಂದೆ ಫಿಲ್ಮಿನ ಗ್ರಹಣಶಕ್ತಿ ಅಲ್ಪವಾಗಿದ್ದಾಗ ಇರುಳಿನ ಹಕ್ಕಿಗೆ ಫ್ಲಾಷಲ್ಲದೆ ಬೇರೆ ಗತಿಯಿಲ್ಲವೆನ್ನಬಹುದಾಗಿತ್ತು. ಇಂದಿನ ಯಂತ್ರಗಳ ಮುಂದೆ ಆ ಸಮಾಧಾನವೂ ನಿಲ್ಲದು.

ಹೊಣೆ ಚಿತ್ರಕಾರನೊಬ್ಬನದೇ ಅಲ್ಲ. ಸ್ಫುಟವಾದುದನ್ನು ಮಾತ್ರ ಹೊಗಳಿ, ಅದು ಹೇಗೆ ದೊರೆಯಿತೆಂದು ಕೇಳದಿರುವ ನಾವು ನೋಡುಗರೂ ಅದರಲ್ಲಿ ಪಾಲುಗಾರರು. ಕಾದು ಕುಳಿತು ಮಸುಕು ಚಿತ್ರವನ್ನು ತಂದವನನ್ನು ನಾವು ಸೋತವನೆಂದು ಎಣಿಸದಿದ್ದರೆ, ಬಂಡೆಯ ಸಂದಿನ ಮೊಟ್ಟೆಗೆ ಅದರಿಂದ ಸ್ವಲ್ಪವಾದರೂ ರಕ್ಷಣೆಯುಂಟಾಗುವುದು.