ಸರಾಸರಿ ಲೆಕ್ಕಕ್ಕೆ ಸಿಗದ ಭಯ

1983ರಲ್ಲಿ ಬ್ರಿಟನ್ನಿನ ಗೃಹ ಇಲಾಖೆ ಒಂದು ಸಮೀಕ್ಷಾ ವರದಿ ಹೊರತಂದಿತು. ಠಾಣೆಯ ದಾಖಲೆಗಳನ್ನು ನೆಚ್ಚಿಕೊಳ್ಳದೆ, ಮನೆಮನೆಗೆ ಹೋಗಿ ಜನರನ್ನೇ ಕೇಳಿ ಮಾಡಿದ ಲೆಕ್ಕ ಅದು. ಅದರ ಪ್ರಕಾರ ಸರಾಸರಿ ಪ್ರಜೆಯೊಬ್ಬ ದರೋಡೆಗೆ ಗುರಿಯಾಗುವುದು 500 ವರ್ಷಕ್ಕೊಮ್ಮೆ. ಅವನ ಮನೆಗೆ ಕಳ್ಳ ನುಗ್ಗುವುದು 40 ವರ್ಷಕ್ಕೊಮ್ಮೆ. ಜನ ಸುಮ್ಮನೆ ಹೆದರುತ್ತಿದ್ದಾರೆ ಎಂದು ಹಲವರು ಸಮಾಧಾನಪಟ್ಟುಕೊಂಡರು.

ಆದರೆ ಸರಾಸರಿ ಪ್ರಜೆ ಎಂಬವನು ಯಾವ ಬೀದಿಯಲ್ಲೂ ಇಲ್ಲ. ಅನುಕೂಲಸ್ಥರ ಬಡಾವಣೆಯನ್ನೂ ಬಡವರ ವಠಾರವನ್ನೂ ಕೂಡಿಸಿ ಭಾಗಿಸಿದರೆ ವಠಾರದ ಸಂಕಟ ಲೆಕ್ಕದಲ್ಲಿ ಕರಗಿಹೋಗುತ್ತದೆ. ಜಾಕ್ ಯಂಗ್ ಮತ್ತು ಸಂಗಡಿಗರು ಲಂಡನ್ನಿನ ಇಸ್ಲಿಂಗ್ಟನ್ ಪ್ರದೇಶವೊಂದರಲ್ಲೇ ವಿಚಾರಿಸಿ 1986ರಲ್ಲಿ ಪ್ರಕಟಿಸಿದ ಸಮೀಕ್ಷೆ ಬೇರೆಯದೇ ಚಿತ್ರ ಕೊಟ್ಟಿತು. ಅಪರಾಧ ಅಲ್ಲಿ ದಿನನಿತ್ಯದ ಕಾಟವಾಗಿತ್ತು. ಕತ್ತಲಾದ ಮೇಲೆ ಮನೆಯಿಂದ ಹೊರಡುವುದನ್ನೇ ಬಿಟ್ಟ ಹೆಂಗಸರು ಅಲ್ಲಿ ಬಹಳ ಮಂದಿ. ಅವರ ಭಯಕ್ಕೆ ಆಧಾರವಿತ್ತು.

ಈ ಮಾತನ್ನು ಯಂಗ್ ಹೇಳಿದ್ದಕ್ಕೆ ವಿಶೇಷ ತೂಕವಿದೆ. ಅವರು ಎಡಪಂಥದ ಸಮಾಜಶಾಸ್ತ್ರಜ್ಞ. ಆ ಪಂಥದ ಹಲವರು ಅಪರಾಧದ ಗದ್ದಲವೆಲ್ಲ ಪತ್ರಿಕೆಗಳೂ ಸರ್ಕಾರವೂ ಎಬ್ಬಿಸಿದ್ದು ಎನ್ನುತ್ತಿದ್ದರು. ಕಳ್ಳನಲ್ಲಿ ಬಂಡಾಯಗಾರನನ್ನು ಕಂಡವರೂ ಇದ್ದರು. ಮಹಿಳೆಯರ ಮೇಲಿನ ದೌರ್ಜನ್ಯವನ್ನು ಸ್ತ್ರೀವಾದಿಗಳು ಬೆಳಕಿಗೆ ತಂದ ಮೇಲೆ ಆ ವಾದಕ್ಕೆ ನೆಲೆ ಉಳಿಯಲಿಲ್ಲ. ಬೀದಿಯ ಅಪರಾಧದಲ್ಲಿ ಬಡವ ದೋಚುವುದು ಬಹುಪಾಲು ಬಡವನನ್ನೇ. ಕಳೆದುಕೊಂಡವನಿಗೆ ವಿಮೆಯಿಲ್ಲ, ಬೇರೆ ಕಡೆ ಮನೆ ಮಾಡುವ ಶಕ್ತಿಯಿಲ್ಲ. ಹಾಗಿರುವಾಗ ಅಪರಾಧವನ್ನು ಹಗುರವಾಗಿ ನೋಡುವುದು ಬಡವರಿಗೆ ಬಗೆಯುವ ದ್ರೋಹ. ಜಾನ್ ಲೀ ಮತ್ತು ಯಂಗ್ 1984ರಲ್ಲಿ ಪುಸ್ತಕ ಬರೆದು ಗಟ್ಟಿಗೊಳಿಸಿದ ಈ ನಿಲುವಿಗೆ ಎಡಪಂಥೀಯ ವಾಸ್ತವವಾದ ಎಂಬ ಹೆಸರು ಬಂತು.

ಹಾಗಾದರೆ ಅಪರಾಧ ಹುಟ್ಟುವುದೆಲ್ಲಿ? ಬಡತನವೊಂದೇ ಕಾರಣವಾಗಿದ್ದರೆ, ಕೆಲಸವಿಲ್ಲದೆ ಜನ ನರಳಿದ 1930ರ ದಶಕದಲ್ಲಿ ಬ್ರಿಟನ್ ತುಂಬ ಕಳ್ಳರೇ ಇರಬೇಕಿತ್ತು. ಹಾಗಾಗಲಿಲ್ಲ. ಎರಡನೇ ಮಹಾಯುದ್ಧದ ನಂತರ ಸಂಬಳ ಏರಿತು, ಕೆಲಸ ಸಿಕ್ಕಿತು. ಅಪರಾಧದ ಅಂಕಿಯೂ ಜೊತೆಜೊತೆಗೇ ಏರಿತು. ಮನುಷ್ಯನನ್ನು ಕೆರಳಿಸುವುದು ಬರೀ ಇಲ್ಲದಿರುವಿಕೆಯಲ್ಲ. ನಿನಗೂ ಸಿಗುತ್ತದೆ ಎಂದು ತೋರಿಸಿದ್ದು ಕೊನೆಗೂ ಸಿಗದೆ ಹೋಗುವುದು ಎಂದರು ಲೀ ಮತ್ತು ಯಂಗ್. ಈ ಅತೃಪ್ತಿಗೆ ಸಂಘಟನೆ, ಯೂನಿಯನ್, ರಾಜಕೀಯ ದಾರಿಯಾದರೆ ಅದು ಹಕ್ಕಿನ ಹೋರಾಟವಾಗುತ್ತದೆ. ಯಾವ ದಾರಿಯೂ ಕಾಣದ ಹುಡುಗನ ಕೈಯಲ್ಲಿ ಅದು ಪಕ್ಕದ ಮನೆಯ ಬೀಗ ಮುರಿಯುತ್ತದೆ.

ಅಮೆರಿಕದ ಬಲಪಂಥೀಯ ವಾಸ್ತವವಾದಿಗಳ ಉತ್ತರ ಬೇರೆ. ಮೂಲಕಾರಣ ಅಗೆಯುತ್ತ ಕೂತರೆ ಇಂದಿನ ಬೀದಿಗೆ ಪರಿಹಾರ ಸಿಗುವುದಿಲ್ಲ ಎಂದು ಜೇಮ್ಸ್ ವಿಲ್ಸನ್ 1975ರಲ್ಲಿ ವಾದಿಸಿದರು. 1982ರಲ್ಲಿ ಜಾರ್ಜ್ ಕೆಲ್ಲಿಂಗ್ ಜೊತೆ ಬರೆದ ಲೇಖನದಲ್ಲಿ, ಒಡೆದ ಕಿಟಕಿಯನ್ನು ಹಾಗೇ ಬಿಟ್ಟರೆ ಇಲ್ಲಿ ಕೇಳುವವರಿಲ್ಲ ಎಂಬ ಸೂಚನೆ ಹೋಗುತ್ತದೆ, ದೊಡ್ಡ ಅಪರಾಧ ಅದರ ಹಿಂದೆ ಬರುತ್ತದೆ ಎಂದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿ ಪೊಲೀಸರು ಕಾಲ್ನಡಿಗೆಯಲ್ಲಿ ಗಸ್ತು ತಿರುಗಿದಾಗ ಅಪರಾಧ ಇಳಿಯಲಿಲ್ಲ, ಆದರೆ ನಿವಾಸಿಗಳಿಗೆ ಧೈರ್ಯ ಬಂತು. ಆ ಧೈರ್ಯಕ್ಕೂ ಬೆಲೆಯಿದೆ.

ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಕಿಟಕಿಗೆ ಗಾಜು ಹಾಕಿಸುವ ಬದಲು ಕಿಟಕಿಯ ಬಳಿ ನಿಂತ ಹುಡುಗನ ಜೇಬು ತಡಕುವುದೇ ಪೊಲೀಸ್ ಕೆಲಸವಾಯಿತು. ನ್ಯೂಯಾರ್ಕ್ ಪೊಲೀಸರು 2011ರಲ್ಲಿ 6.85 ಲಕ್ಷ ಬಾರಿ ಜನರನ್ನು ತಡೆದರು. ಹತ್ತರಲ್ಲಿ ಸುಮಾರು ಒಂಬತ್ತು ಸಲ ತಪ್ಪೇನೂ ಸಿಗದೆ ಬಿಟ್ಟು ಕಳಿಸಿದರು. ತಡೆಯಲ್ಪಟ್ಟವರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೊ ಜನ. ಈ ಕ್ರಮ ಸಂವಿಧಾನಬಾಹಿರವಾಗಿ ನಡೆದಿದೆ ಎಂದು 2013ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. 2017ರ ಹೊತ್ತಿಗೆ ತಡೆಗಳು 12 ಸಾವಿರದಷ್ಟಕ್ಕೆ ಇಳಿದಿದ್ದವು. ಅಪರಾಧ ಉಕ್ಕಿ ಹರಿಯಲಿಲ್ಲ; ಆ ವರ್ಷ ನಗರದಲ್ಲಿ ನಡೆದ ಕೊಲೆಗಳು 300ಕ್ಕೂ ಕಡಿಮೆ.

ಇಷ್ಟೊಂದು ತಡೆ ಏಕೆ ಫಲ ಕೊಡಲಿಲ್ಲ? ಲೀ ಮತ್ತು ಯಂಗ್ ಹಿಂದೆಯೇ ಕೊಟ್ಟಿದ್ದ ವಿವರಣೆ ಪ್ರತಿ ಠಾಣೆಯೂ ನೆನಪಿಡಬೇಕಾದದ್ದು. ಬಹುಪಾಲು ಅಪರಾಧ ಪತ್ತೆಯಾಗುವುದು ಜನ ಬಂದು ಹೇಳಿದ್ದರಿಂದ. ಜನ ಬಾಯಿ ಮುಚ್ಚಿಕೊಂಡರೆ ಪೊಲೀಸರಿಗೆ ಸುಳಿವಿಲ್ಲ. ಸುಳಿವಿಲ್ಲದಾಗ ಕಂಡಕಂಡವರನ್ನು ತಡೆಯುತ್ತಾರೆ. ತಡೆಸಿಕೊಂಡ ಮನೆಗಳಿಂದ ಮುಂದೆ ಒಂದು ಮಾತೂ ಹೊರಡುವುದಿಲ್ಲ. ಲಂಡನ್ನಿನ ಬ್ರಿಕ್ಸ್ಟನ್ ಈ ಸುಳಿಗೆ ಸಿಕ್ಕಿತ್ತು. ಅಲ್ಲಿ 1981ರ ಏಪ್ರಿಲ್‌ನಲ್ಲಿ ಒಂದೇ ಕಾರ್ಯಾಚರಣೆಯಲ್ಲಿ ಮಫ್ತಿ ಪೊಲೀಸರು ಕೆಲವೇ ದಿನಗಳಲ್ಲಿ 943 ಮಂದಿಯನ್ನು ತಡೆದು ತಪಾಸಿಸಿದರು. ವಾರ ಮುಗಿಯುವಷ್ಟರಲ್ಲಿ ಬೀದಿಗಳು ಹೊತ್ತಿ ಉರಿದವು. ವಿಚಾರಣೆ ನಡೆಸಿದ ಲಾರ್ಡ್ ಸ್ಕಾರ್ಮನ್, ಪೊಲೀಸರು ಸ್ಥಳೀಯರೊಂದಿಗೆ ಸಮಾಲೋಚಿಸುವುದು ಅಗತ್ಯವೆಂದು ಒತ್ತಿ ಹೇಳಿದರು.

ಅಪರಾಧಿ, ಅಪರಾಧಕ್ಕೆ ಈಡಾದವರು, ಪೊಲೀಸ್, ಸುತ್ತಲಿನ ಜನ: ಈ ನಾಲ್ವರ ಸಂಬಂಧವೇ ಅಪರಾಧದ ಏರಿಳಿತವನ್ನು ನಿರ್ಧರಿಸುತ್ತದೆ ಎಂಬುದು ಎಡಪಂಥೀಯ ವಾಸ್ತವವಾದಿಗಳ ಮಾತಿನ ಸಾರ. ಹುಡುಗನಿಗೆ ಉದ್ಯೋಗ ಬೇಕು, ನೊಂದವರಿಗೆ ಆಸರೆ ಬೇಕು, ಬೀದಿಗೆ ದೀಪ ಬೇಕು, ಗಸ್ತೂ ಬೇಕು. ಇವುಗಳಲ್ಲಿ ಒಂದನ್ನು ಕೊಟ್ಟು ಉಳಿದವನ್ನು ಮರೆಯುವ ಸರ್ಕಾರ ಯಾವ ಪಂಥದ್ದಾದರೂ ಸೋಲುತ್ತದೆ. ಪೊಲೀಸರ ಕಸುವನ್ನು ಲಾಠಿಯಿಂದ ಅಳೆಯುವ ಅಭ್ಯಾಸ ಹಳೆಯದು. ತೀರಾ ಬಡ ಮನೆಯ ಹೆಣ್ಣುಮಗಳು ದೂರು ಹಿಡಿದು ಒಬ್ಬಳೇ ಠಾಣೆಯ ಮೆಟ್ಟಿಲು ಹತ್ತುತ್ತಾಳೆಯೇ, ಹತ್ತಿದರೆ ಅವಳ ಮಾತಿಗೆ ಬೆಲೆ ಸಿಗುತ್ತದೆಯೇ ಎಂಬುದು ಅದಕ್ಕಿಂತ ನಂಬಬಹುದಾದ ಅಳತೆ.