ಕೇಳಿಸಿಯೂ ಕೇಳಿಸದಂತೆ

ಬೀದಿಯಲ್ಲಿ ಒಬ್ಬ ಹೆಂಗಸು. ಮೈ ನಡುಗಿಸುವ ಚಳಿ, ಮಲಗಲು ನೆಲೆಯಿಲ್ಲ. ದಾರಿಯಲ್ಲಿ ಹೋಗುತ್ತಿದ್ದವನನ್ನು ಕೂಗಿ ಸಹಾಯ ಬೇಡುತ್ತಾಳೆ. ಆತ ತಿರುಗಿಯೂ ನೋಡದೆ, ಸಿಳ್ಳೆ ಹಾಕುತ್ತಾ ರಸ್ತೆ ದಾಟಿಬಿಡುತ್ತಾನೆ. ಇಂಗ್ಲೆಂಡಿನ ಗಾಯಕ ಫಿಲ್ ಕಾಲಿನ್ಸ್ 1989ರಲ್ಲಿ ಹಾಡಿದ 'ಅನದರ್ ಡೇ ಇನ್ ಪ್ಯಾರಡೈಸ್' ಎಂಬ ಪಾಪ್ ಗೀತೆ ಆರಂಭವಾಗುವುದು ಹೀಗೆ. ಅದೇ ಡಿಸೆಂಬರಿನಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1991ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ದೊರೆಯಿತು.

ಶುಭಸಂದೇಶ ಓದುವ ನಮಗೆ ಆ ರಸ್ತೆ ಹೊಸದಲ್ಲ. ಜೆರಿಕೋ ದಾರಿಯಲ್ಲಿ ಯಾಜಕನೂ ಲೇವಿಯನೂ ಹೀಗೆಯೇ ಆಚೆ ಬದಿಯಿಂದ ಹೋದರು (ಲೂಕ 10). ಆದರೆ ನನಗೆ ಹೆಚ್ಚು ನೆನಪಾಗುವುದು ಲಾಜರನ ಸಾಮತಿ (ಲೂಕ 16). ಧನಿಕನು ಬಾಗಿಲಲ್ಲಿ ಬಿದ್ದಿದ್ದ ಲಾಜರನನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಓಡಿಸಲೂ ಇಲ್ಲ. ಆತ ನೋಡಿಯೇ ಇರಲಿಲ್ಲವೇನೋ ಎಂದುಕೊಳ್ಳಬಹುದಿತ್ತು. ಆದರೆ ಪಾತಾಳದಲ್ಲಿ ಬೇಯುತ್ತಾ ಆತ ಏನನ್ನುತ್ತಾನೆ? ಲಾಜರನನ್ನು ಕಳುಹಿಸು ಎಂದು ಅಬ್ರಹಾಮನನ್ನು ಬೇಡುತ್ತಾನೆ. ಹೆಸರೇ ಗೊತ್ತಿತ್ತು!

ಹಾಡಿನ ಮನುಷ್ಯನದೂ ಇದೇ ಕಥೆ. ಕಿವಿಗೆ ಬೀಳದ ಕೂಗಿಗೆ ಯಾರೂ ಕಿವುಡರಂತೆ ನಟಿಸುವುದಿಲ್ಲ. ಆ ಸಿಳ್ಳೆಯೇ ಸಾಕ್ಷಿ: ಮನಸ್ಸಾಕ್ಷಿ ಮಾತಾಡಿದೆ, ಆತ ಅದರ ಬಾಯಿ ಮುಚ್ಚಿಸುತ್ತಿದ್ದಾನೆ.

ಕೋಟ್ಯಧೀಶ ಗಾಯಕನಿಗೆ ಬಡವರ ಬಗ್ಗೆ ಹಾಡುವ ಹಕ್ಕೆಲ್ಲಿದೆ ಎಂದು ಕೆಲವರು ಮೂದಲಿಸಿದರು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಹಾಡುವವನು ಯಾರಾದರೇನು, ಆ ಹೆಂಗಸಿನ ಚಳಿ ಕಡಿಮೆಯಾದೀತೇ? ತೊಡಕಿರುವುದು ಕೇಳುವ ನಮ್ಮಲ್ಲಿ. ರಾಗ ಇಂಪಾಗಿದೆ, ಕಣ್ಣು ತೇವವಾಗುತ್ತದೆ. ಅಷ್ಟಕ್ಕೇ ಏನೋ ದಾನ ಮಾಡಿದಷ್ಟು ತೃಪ್ತಿ.

"ಎಲ್ಲರಿಗೂ ಮನೆ ಕಟ್ಟಿಕೊಡಲು ನಮ್ಮಿಂದಾದೀತೇ?" ಎನ್ನುತ್ತೀರಿ. ಆಗದು, ನಿಜ. ಆದರೆ ಅವರಿಗೆ ಬೇಕಾದುದೇನೆಂದು ನಿಂತು ಕೇಳದೆ ನಮಗೆ ತಿಳಿಯುವುದಾದರೂ ಹೇಗೆ? ಪೋಪ್ ಫ್ರಾನ್ಸಿಸರ ದಾನಧರ್ಮಗಳ ಹೊಣೆ ಹೊತ್ತಿದ್ದ ಮಹಾಧರ್ಮಾಧ್ಯಕ್ಷ ಕೊನ್ರಾಡ್ ಕ್ರಾಯೆವ್‌ಸ್ಕಿಯವರು 2014ರಲ್ಲಿ ರೋಮಿನ ಬೀದಿಯಲ್ಲಿದ್ದ ಒಬ್ಬನನ್ನು ಊಟಕ್ಕೆ ಕರೆದರು. ಆತ ಹಿಂಜರಿದ, ತನ್ನ ಮೈ ನಾರುತ್ತಿದೆ ಎಂದ. ರೋಮಿನಲ್ಲಿ ಊಟ ಹೇಗಾದರೂ ಸಿಗುತ್ತದೆ, ಸ್ನಾನಕ್ಕೇ ಜಾಗವಿಲ್ಲ ಎಂದು ಊಟಕ್ಕೆ ಕುಳಿತಾಗ ಹೇಳಿದ. ಮರುವರ್ಷ ಫೆಬ್ರವರಿಯಲ್ಲಿ ಸಂತ ಪೇತ್ರರ ಚೌಕದ ಕಂಬಸಾಲಿನ ಬಳಿ ಸೂರಿಲ್ಲದವರಿಗಾಗಿ ಸ್ನಾನದ ಕೋಣೆಗಳು ತೆರೆದವು. ಕ್ಷೌರಿಕರೂ ಬಂದು ಕೂದಲು ಕತ್ತರಿಸಿ, ಗಡ್ಡ ಬೋಳಿಸತೊಡಗಿದರು.